ಗಾಜಿನ ತೊಟ್ಟಿಗೆ ಹೆಪ್ಪು

ಮೀನಿಲ್ಲದ ತೊಟ್ಟಿಗೆ ಸ್ನೇಹಲತಾ ದಿನವೂ ಬೆಳಿಗ್ಗೆ ಒಂದು ಚಿಟಿಕೆ ಮೀನಿನ ಕಾಳು ಉದುರಿಸುತ್ತಿದ್ದಳು. ತೆಲುಗು ಸೀಮೆಯ ನಾಚಾರಂನ ಆ ಮೂರನೇ ಮಹಡಿಯ ಮನೆಯಲ್ಲಿ, ಟಿವಿಯ ಪಕ್ಕದಲ್ಲಿ, ಗಾಜಿನ ತೊಟ್ಟಿ ಮತ್ತೆ ನೀರು ಕಂಡು ಮೂರು ವಾರವಾಗಿತ್ತು. ತಳದಲ್ಲಿ ಮರಳಿತ್ತು, ಎರಡು ಗಿಡಗಳಿದ್ದವು, ನೀರನ್ನು ಬೆಚ್ಚಗಿಡುವ ಹೀಟರ್ ಇತ್ತು, ಮೂಲೆಯಲ್ಲಿ ಗುಳುಗುಳು ಎನ್ನುವ ಫಿಲ್ಟರ್ ಇತ್ತು. ಮೀನು ಮಾತ್ರ ಇರಲಿಲ್ಲ.

"ಯಾರಿಗಿ ಉಣಸಾಕತ್ತೀಯವ್ವಾ?" ಎಂದು ಅತ್ತೆ ಗುಂಡಮ್ಮ ಮೊದಲ ದಿನವೇ ಕೇಳಿದ್ದರು.

"ನೀರಿಗ್ರಿ ಅತ್ತಿ."

"ನೀರಿಗಿ ಹಸಿವಾಗಿತ್ತೇನು? ನಿನಗ ಬಂದು ಹೇಳಿತ್ತೇನು?"

ಗುಂಡಮ್ಮ ನಗಾಡಿದರೂ ಆ ತೊಟ್ಟಿಯ ವಿಷಯದಲ್ಲಿ ಅವರ ಮನಸ್ಸು ಹಗುರವಿರಲಿಲ್ಲ. ಹೋದ ವರ್ಷ ಇದೇ ತೊಟ್ಟಿಗೆ ನೀರು ತುಂಬಿಸಿದ ಸಂಜೆಯೇ ಸ್ನೇಹಲತಾಳ ಗಂಡ ಬಸವಕಿರಣ ಮೀನು ತಂದು ಬಿಟ್ಟಿದ್ದ. ವಾರ ತುಂಬುವುದರೊಳಗೆ ಅವು ಒಂದೊಂದಾಗಿ ಮಗ್ಗುಲಾಗಿ ತೇಲಿದವು. ಭಾಲ್ಕಿ ಕಡೆಯ ಲಿಂಗವಂತರ ಮನೆ ಅದು. ತತ್ತಿ ಕೂಡ ಹೊಸ್ತಿಲು ದಾಟದ ಅಡುಗೆಮನೆ. ಗುಂಡಮ್ಮ ಆ ವಾರವೆಲ್ಲ ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿದು ಹಾಗೇ ಇಡುತ್ತಿದ್ದರು. ಆದ್ದರಿಂದ ಈ ಸಲ ತೊಟ್ಟಿಯನ್ನು ಅಟ್ಟದಿಂದ ಇಳಿಸುವಾಗಲೇ ಅವರ ಷರತ್ತು ಇತ್ತು.

"ಇನ್ನೊಂದು ಜೀವ ಈ ಮನ್ಯಾಗ ಹೋತಂದ್ರ ಈ ಡಬ್ಬಿ ಅವತ್ತೇ ಗಚ್ಚಿನ ಮ್ಯಾಲ. ನಾ ಅದರಾಗ ಕೋತಂಬ್ರಿ ಹಾಕ್ತೀನಿ. ಆಮ್ಯಾಲ ಅಳಾಕ ಕುಂದರಬ್ಯಾಡ."

ಸ್ನೇಹಲತಾ ಒಪ್ಪಿದ್ದಳು. ಕಾರ್ಖಾನೆಗಳ ಸಾಲಿನಲ್ಲಿದ್ದ ಔಷಧಿ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಅವಳ ಕೆಲಸ. ಹಗಲೆಲ್ಲ ಅವಳ ಕೈಯಲ್ಲಿರುವುದು ಗಾಜಿನ ಪಾತ್ರೆಗಳೇ; ಅವುಗಳಲ್ಲಿ ಜೀವವಿರುವ ಒಂದು ಕಣ ಕಂಡರೂ ಅಲ್ಲಿ ಅದು ತಪ್ಪು, ಇಡೀ ದಿನದ ಕೆಲಸವನ್ನು ಚೆಲ್ಲಬೇಕು. ಮನೆಯಲ್ಲಾದರೂ ಒಂದು ಗಾಜಿನ ಪಾತ್ರೆಯಲ್ಲಿ ಏನಾದರೂ ಬದುಕಿರಲಿ ಎಂಬುದು ಅವಳ ಆಸೆ. ಮತ್ತೊಮ್ಮೆ ಸೋತರೆ ಆ ಆಸೆ ಕೊತ್ತಂಬರಿಯ ಕೆಳಗೆ ಹೂತುಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಹೋದ ವರ್ಷದ ಸಾವಿಗೆ ಕಾರಣವನ್ನು ಅವಳು ಆಮೇಲೆ ಓದಿಕೊಂಡಿದ್ದಳು. ಮೀನಿನ ಹೊಲಸು, ತಿನ್ನದೆ ಬಿಟ್ಟ ಕಾಳು, ಎಲ್ಲ ನೀರಿನಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಮೀನಿಗೆ ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಜಾತಿಯವು ನೈಟ್ರೈಟನ್ನು ನೈಟ್ರೇಟ್ ಮಾಡಿದ ಮೇಲೆಯೇ ಮೀನು ನೆಮ್ಮದಿಯಾಗಿ ಉಸಿರಾಡುವುದು. ಈ ಎರಡೂ ಜಾತಿಗಳು ಫಿಲ್ಟರಿನ ಸ್ಪಂಜಿನಲ್ಲಿ ಬಿಡಾರ ಹೂಡಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಅವಕ್ಕೆ ಉಣ್ಣಲು ಸಿಗಲೆಂದೇ ಈ ಕಾಳು.

ಇದನ್ನೆಲ್ಲ ಅತ್ತೆಗೆ ಹೇಳುವುದು ಹೇಗೆ? ಒಂದು ಸಂಜೆ ಗುಂಡಮ್ಮ ಹಾಲಿಗೆ ಹೆಪ್ಪು ಹಾಕುತ್ತಿದ್ದಾಗ ಅವಳಿಗೆ ಥಟ್ಟನೆ ಹೊಳೆಯಿತು.

"ಅತ್ತಿ, ಅದೂ ಹಿಂಗ್ರಿ. ನೀರು ಹೆಪ್ಪಾಗಬೇಕು. ಹೆಪ್ಪಾದ ಮ್ಯಾಲೇ ಮೀನ."

ಗುಂಡಮ್ಮನ ಕೈ ನಿಂತಿತು. ತೊಟ್ಟಿಯನ್ನು ಅವರು ಅಂದು ಮೊದಲ ಸಲ ಹತ್ತಿರ ಹೋಗಿ ನೋಡಿದರು. ಮರುದಿನದಿಂದ ಅವರ ನಡೆಯೇ ಬೇರೆಯಾಯಿತು. ಕಸ ಗುಡಿಸುವವಳಿಗೆ, "ಅಲುಗಾಡಿಸಬ್ಯಾಡ, ಹೆಪ್ಪಿಗಿ ಇಟ್ಟೀವಿ" ಎಂದರು. ಚಳಿ ಜಾಸ್ತಿಯಾದ ರಾತ್ರಿ ಹೀಟರನ್ನು ನಂಬದೆ ತಮ್ಮ ಹಳೆಯ ಕೌದಿ ಹೊದಿಸಿದರು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಕನ್ನಡ, ತೆಲುಗು, ಹಿಂದಿ ಮೂರನ್ನೂ ಕಲಸಿ ಸುದ್ದಿ ಮುಟ್ಟಿಸಿದರು. ಕಟ್ಟಡಕ್ಕೆಲ್ಲ ಗೊತ್ತಾಯಿತು, ಮೂರನೇ ಮಹಡಿಯಲ್ಲಿ ನೀರು ಹೆಪ್ಪಾಗುತ್ತಿದೆ ಎಂದು.

ಎರಡು ದಿನ ಬಿಟ್ಟು ಅವರೇ ಕೇಳಿದರು, "ಅಲ್ಲ ಸ್ನೇಹಾ, ಹೆಪ್ಪು ಎಲ್ಲಿಂದ ತಂದಿ?"

"ತಂದಿಲ್ರಿ. ಗಾಳ್ಯಾಗಿಂದ, ಗಿಡದಾಗಿಂದ ತಾನೇ ಬರ್ತೈತಿ. ನಿಧಾನ ಆಗ್ತೈತಿ ಅಷ್ಟೇ."

"ಹೆಪ್ಪು ಹಾಕಲಾರದ ಹಾಲು ಹಳಸ್ತದವ್ವ, ಮೊಸರಾಗೂದಿಲ್ಲ. ಕೆಳಗ ಸುಂದರಾಬಾಯಿ ಮನ್ಯಾಗ ವರ್ಷಾನುಗಟ್ಟಲೆ ಮೀನ ಅದಾವಲ್ಲ, ಒಂಚೂರು ಇಸ್ಕೊಂಬಾ."

ಸುಂದರಾಬಾಯಿಯ ತೊಟ್ಟಿಯನ್ನು ಸ್ನೇಹಲತಾ ನೋಡಿದ್ದಳು. ಪಾಚಿಗಟ್ಟಿ ಹಸಿರಾದ ಗಾಜು, ಕಾಫಿಪುಡಿಯ ಬಣ್ಣದ ಸ್ಪಂಜು, ನಡುವೆ ಬಾಲ ಬೀಸುತ್ತ ಓಡಾಡುವ ಪುಟ್ಟ ಗಪ್ಪಿ ಮೀನುಗಳು. ಬೇರೆಯವರ ಪಾತ್ರೆಯ ಹೊಲಸು ನನ್ನ ಪಾತ್ರೆಗೆ ಬೇಡ ಎಂದಿತು ಅವಳ ಪ್ರಯೋಗಾಲಯದ ಬುದ್ಧಿ. "ನೋಡೂಣ್ರಿ" ಎಂದು ಮಾತು ತೇಲಿಸಿದಳು. ಅಮೋನಿಯಾ ಇಳಿಯುತ್ತಿತ್ತು; ಪರೀಕ್ಷೆಯ ನಳಿಗೆಯಲ್ಲಿ ಹಸಿರು ಹೋಗಿ ಹಳದಿ ಬರುತ್ತಿತ್ತು. ನೈಟ್ರೈಟ್ ಮಾತ್ರ ದಿನವೂ ಗಾಢ ನೇರಳೆ. ಅದು ತಿಳಿನೀಲಿಯಾಗುವ ತನಕ ಕಾಯುವುದು, ಅಷ್ಟೇ.

ಆದರೆ ಎಳ್ಳ ಅಮಾವಾಸ್ಯೆ ಬಂತು, ಅದರೊಂದಿಗೆ ಬಸವಕಿರಣನ ಅಕ್ಕ ಗೋದಾವರಿಯೂ ಬಂದಳು.

ಊರಲ್ಲಾದರೆ ಅಂದು ಹೊಲಕ್ಕೆ ಹೋಗಿ ಉಣ್ಣಬೇಕು. ಇಲ್ಲಿ ಹೊಲವಿಲ್ಲ, ಕಟ್ಟಡದ ತಾರಸಿಯ ಗಚ್ಚಿನ ಮೇಲೆ ಚಾಪೆ ಹಾಸಿ, ಕಾಳು-ಸೊಪ್ಪು ಬೇಯಿಸಿದ ಬಜ್ಜಿ, ಸಜ್ಜೆ ಕಡಬು, ಅಂಬಲಿ ಉಣ್ಣುವುದು ಈ ಮನೆಯ ರೂಢಿ. ನಗರದ ಇನ್ನೊಂದು ತುದಿಯ ಲಿಂಗಂಪಲ್ಲಿಯಿಂದ ಮಧ್ಯಾಹ್ನವೇ ಬರಬೇಕಿದ್ದ ಗೋದಾವರಿ ದೀಪ ಹಚ್ಚುವ ಹೊತ್ತಿಗೆ ಬಂದಳು. ಕೈಯಲ್ಲಿ ಉಬ್ಬಿದ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ನೀರು, ನೀರಲ್ಲಿ ಆರು ಪುಟ್ಟ ಮೀನು. ಒಂದೊಂದರ ಮೈಮೇಲೂ ಕೆಂಪು, ನೀಲಿ ಗೆರೆ.

"ಇಳಕಲ್ ಸೀರಿ ಅಂಚಿನಂಗ ಇಲ್ಲೇನು? ಇದಕ್ಕೇ ತಡ ಆತು. ಬೇಗಂಪೇಟ್ಯಾಗ ಇಳದು ಅಂಗಡಿ ಹುಡಿಕಿ ತಂದೀನಿ. ತವರಮನ್ಯಾಗ ತೊಟ್ಟಿ ಖಾಲಿ ಇಟ್ಕೊಂಡು ಕುಂತಾರ, ಬರಿಗೈಲೆ ಹೆಂಗ ಬರಲಿ?"

ಸ್ನೇಹಲತಾ ತೊಟ್ಟಿಗೆ ಅಡ್ಡ ಬಂದು ನಿಂತಳು. "ಅಕ್ಕಾ, ನೀರು ಇನ್ನೂ ಆಗಿಲ್ರಿ."

"ಏನಾಗಬೇಕು? ತೊಯ್ದೈತಿ, ಬೆಚ್ಚಗೈತಿ. ಅಂಗಡ್ಯಾಂವ 'ಏಂ ಕಾದು ಮೇಡಂ', ಏನೂ ಆಗೂದಿಲ್ಲ, ಅಂದಾನ."

"ಹೋದ ವರ್ಷ ನನಗೂ ಹಂಗೇ ಅಂದಿದ್ದ," ಎಂದ ಬಸವಕಿರಣ.

"ನೀ ಸುಮ್ಮನಿರೋ ಕಿರಣ್ಯಾ. ನೀ ತಂದಿದ್ದು ನಿನ್ನಂಗ ಸೋಂಬೇರಿ ಮೀನ."

ಸ್ನೇಹಲತಾ ನಳಿಗೆಗೆ ನೀರು ತೆಗೆದು ಹನಿ ಹಾಕಿ ಅಲುಗಾಡಿಸಿದಳು. ಬಣ್ಣ ನಿಂತಿತು. ನೇರಳೆ. ಬೆಳಗಿನಷ್ಟೇ ಗಾಢ ನೇರಳೆ. ಚೀಲದೊಳಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿದ್ದವು. ಗುಂಡಮ್ಮ ಚೀಲದ ಕಡೆ ನೋಡಿ ಸೊಸೆಯ ಕಡೆ ನೋಡಿದರು.

"ಈಗ ಬಿಟ್ರ ಸಾಯ್ತಾವೇನು?"

"ಸಾಯಬೌದ್ರಿ."

"ಬದಕಲೂಬೌದಲ್ಲ?" ಎಂದಳು ಗೋದಾವರಿ.

ಸುಳ್ಳು ಹೇಳಲು ಸ್ನೇಹಲತಾಳಿಗೆ ಬರಲಿಲ್ಲ. "ಒಂದೆರಡು ಬದಕಬೌದು."

ಗುಂಡಮ್ಮ ಸೆರಗು ಸಿಗಿಸಿಕೊಂಡರು. "ಬೌದು-ಗಿಬೌದು ನನಗ ಬ್ಯಾಡ. ಸುಂದರಾಬಾಯಿ ಕಡಿಂದ ಹೆಪ್ಪು ತೊಗೊಂಬಾ ಹೋಗು."

ಈ ಸಲ ಸ್ನೇಹಲತಾ ಮಾತು ತೇಲಿಸಲಿಲ್ಲ. ಬಟ್ಟಲು ಹಿಡಿದು ಮೆಟ್ಟಿಲಿಳಿದಳು. ಸುಂದರಾಬಾಯಿ ಉದಗೀರಿನವರು, ವಿಧವೆ, ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಬಾಗಿಲು ತೆರೆದಾಗ ಅವರ ಹಿಂದೆ ದೇವರ ಮುಂದಿನ ದೀಪ ಕಾಣುತ್ತಿತ್ತು.

"ಬಾಯೀರಿ, ನಿಮ್ಮ ಫಿಲ್ಟರಿನ ಸ್ಪಂಜ್ ಅರ್ಧ ಕತ್ತರಿಸಿ ಕೊಡ್ತೀರೇನ್ರಿ? ನಾ ನಿಮಗ ಹೊಸಾದು ತಂದು ಹಾಕ್ತೀನಿ."

"ಕೊಟ್ಟೇನಲ್ಲ. ಯಾಕ ಬೇಕಾಗಿತ್ತ?"

"ನಮ್ಮ ತೊಟ್ಟಿಗ್ರಿ."

ಸುಂದರಾಬಾಯಿಯ ಮುಖದ ನಗೆ ಹಾಗೇ ಇತ್ತು, ಆದರೆ ತಲೆ ಅಡ್ಡ ಆಡಿತು. "ಅಂದ್ರ ಹೆಪ್ಪಿಗಿ. ದೀಪ ಹಚ್ಚೀನಿ ಪೋರಿ. ದೀಪ ಹಚ್ಚಿದ ಮ್ಯಾಲ ಹಾಲು, ಮೊಸರು, ಹೆಪ್ಪು ಹೊಸ್ತಲಾ ದಾಟೂದಿಲ್ಲ. ಅದರಾಗ ಅಮಾಸಿ. ಬೆಳಿಗ್ಗಿ ಬಾ."

"ಇದು ಸ್ಪಂಜ್ರಿ! ಹೆಪ್ಪಲ್ರಿ!"

"ನಿಮ್ಮತ್ತಿನೇ ಲಿಫ್ಟಿನ್ಯಾಗ ಹೇಳ್ಯಾರಲ್ಲ, ಹೆಪ್ಪು ಅಂತ. ಸ್ನೇಹಾನೇ ತಿಳಿಸಿ ಹೇಳಿದಳು, ಎಮ್ಮೆಸ್ಸಿ ಓದಿದಾಕಿ, ಅಂತ. ಈಗ ನೀನೇ ಅಲ್ಲ ಅಂತೀಯೇನು?"

ಸ್ನೇಹಲತಾ ಸಿಕ್ಕಿಬಿದ್ದಳು. ಅಲ್ಲ ಎಂದರೆ ಅತ್ತೆಗೆ ಕೊಟ್ಟ ವಿವರಣೆ ಸುಳ್ಳಾಗುತ್ತದೆ. ಹೌದು ಎಂದರೆ ಮೀನು ಬೆಳಗಿನ ತನಕ ಚೀಲದಲ್ಲಿ. ಆ ಮುದುಕಿಯ ಜೊತೆ ವಾದಕ್ಕಿಳಿಯಲು ಮನಸ್ಸಾಯಿತು. ಆದರೆ ಹೋಲಿಕೆ ಕಟ್ಟಿದವಳು ತಾನೇ. ಕಟ್ಟಿದ ಮೇಲೆ ಅದರ ನೇಮಗಳೂ ತನ್ನವೇ ಅಲ್ಲವೆ? ಆ ನೇಮಗಳೊಳಗೇ ಒಂದು ದಾರಿ ಇರಬೇಕು. ಅವಳು ಖಾಲಿ ಬಟ್ಟಲನ್ನೇ ನೋಡುತ್ತ ನಿಂತಳು.

"ಬಾಯೀರಿ, ಹೆಪ್ಪು ಹೊರಗ ಬರೂದಿಲ್ಲ. ಒಪ್ಪಿದೆ. ಆದರ ಹಾಲು ಒಳಗ ಬರಬೌದಲ್ರಿ?"

ಸುಂದರಾಬಾಯಿ ಜೋರಾಗಿ ನಕ್ಕರು. "ಬರಬೌದು! ನಮ್ಮ ಉದಗೀರಿನ್ಯಾಗ ಬಾಜೂ ಮನಿಯಾಕಿ ಹಾಲಿನ ಗಡಿಗಿನೇ ತಂದು ನಮ್ಮ ಒಲಿ ಕಡೆ ಇಟ್ಟು ಹೋಗತಿದ್ದಳು. ತೊಗೊಂಬಾ ನಿನ್ನ ಹಾಲ!"

ಮೀನಿನ ಚೀಲ ಒಯ್ಯಲು ಸ್ನೇಹಲತಾ ಮೇಲೆ ಬಂದಾಗ ಗೋದಾವರಿ ಸಿಡಿಮಿಡಿಯಾದಳು. "ನಾ ತವರಿಗಿ ತಂದಿದ್ದು, ಸುಂದರಾಬಾಯಿಗಲ್ಲ. ಕಾಣಿಕಿ ಕೊಟ್ಟಿದ್ದು ಹಂಗೇ ಮತ್ತೊಬ್ಬರ ಮನಿಗೆ ಸಾಗಸೂದೇನು?"

"ಸಾಗಸಾಕತ್ತಿಲ್ಲ, ಕೂಸಿನ್ನ ದವಾಖಾನಿಗಿ ಒಯ್ಯಾಕತ್ತಾಳ," ಎಂದರು ಗುಂಡಮ್ಮ. "ನೀ ಬಂದು ಬಜ್ಜಿ ಉಣ್ಣು."

ಚೀಲವನ್ನು ಹಸಿರು ತೊಟ್ಟಿಯಲ್ಲಿ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವಾಗಿ ಅಲ್ಲಿಯ ನೀರನ್ನೇ ಅದಕ್ಕೆ ಬೆರೆಸಿ, ಸ್ನೇಹಲತಾ ಆರನ್ನೂ ಒಂದೊಂದಾಗಿ ಬಿಟ್ಟಳು. ಗಪ್ಪಿಗಳು ಬಂದು ಮೂಸಿ ನೋಡಿ ಹೋದವು. ಹೊಸವು ಒತ್ತಾಗಿ ಪಾಚಿಯ ಹಿಂದೆ ಸೇರಿಕೊಂಡವು. ಅವುಗಳ ಕಿವಿರಿನ ಬಡಿತ ನಿಧಾನವಾಗುವ ತನಕ ಅವಳು ಅಲ್ಲಿಂದ ಕದಲಲಿಲ್ಲ.

ಬೆಳಿಗ್ಗೆ ಸ್ನಾನ ಮುಗಿಸಿ ಸುಂದರಾಬಾಯಿಯೇ ಮೇಲೆ ಬಂದರು. ಸ್ಟೀಲಿನ ಬಟ್ಟಲಲ್ಲಿ, ಮುಚ್ಚಳದ ಕೆಳಗೆ, ತೊಟ್ಟಿಯ ನೀರಲ್ಲೇ ನೆನೆದ ಅರ್ಧ ಸ್ಪಂಜು. ಮುಚ್ಚಳ ತೆಗೆದಾಗ ಕೆಸರಿನ ವಾಸನೆ ಬಂತು. ಆ ವಾಸನೆಗೆ ಸ್ನೇಹಲತಾಳ ಮೂಗು ತಾನಾಗಿ ಸಿಂಡರಿಸಿತು, ಆಮೇಲೆ ತಾನಾಗಿ ಸುಮ್ಮನಾಯಿತು. ಮಳೆ ಬಿದ್ದ ಮಣ್ಣಿಗೂ ಇಂಥದೇ ವಾಸನೆ, ಕೊಳೆತದ್ದಲ್ಲ, ಜೀವವಿದ್ದದ್ದು. ಅದನ್ನು ನಲ್ಲಿಯ ಕೆಳಗೆ ಒಯ್ಯದೆ ಹಾಗೇ ತನ್ನ ಫಿಲ್ಟರಿನೊಳಗೆ ಕೂಡಿಸಿದಳು. ಗುಂಡಮ್ಮ ಖಾಲಿ ಬಟ್ಟಲು ಮರಳಿಸುವವರಲ್ಲ. ತೊಳೆದು ಬಜ್ಜಿ ತುಂಬಿ ಕೊಟ್ಟರು.

ನೇರಳೆ ಮರುದಿನ ಸ್ವಲ್ಪ ತಿಳಿಯಾಯಿತು. ಅದರ ಮರುದಿನ ಇನ್ನೂ ತಿಳಿಯಾಯಿತು. ಶನಿವಾರ ನಳಿಗೆಯಲ್ಲಿ ತಿಳಿನೀಲಿ. ಆದರೂ ಅವಳು ನಂಬಲಿಲ್ಲ. ಎರಡು ಚಿಟಿಕೆ ಕಾಳು ಹಾಕಿ, ಒಂದು ದಿನ ಬಿಟ್ಟು ಮತ್ತೆ ನೋಡಿದಳು: ಒಂದರಲ್ಲಿ ಹಳದಿ, ಒಂದರಲ್ಲಿ ನೀಲಿ. ಹಾಕಿದ್ದನ್ನೆಲ್ಲ ತೊಟ್ಟಿ ತಿಂದು ಅರಗಿಸಿಕೊಂಡಿತ್ತು. ಬಕೆಟ್ಟಿನಲ್ಲಿ ತೆಗೆದಿಟ್ಟಿದ್ದ, ಕ್ಲೋರಿನ್ ಹೋದ ನೀರಿನಿಂದ ಅರ್ಧ ತೊಟ್ಟಿ ಬದಲಿಸಿ, "ಆತ್ರಿ ಅತ್ತಿ" ಎಂದಳು.

"ಹೆಪ್ಪಾತು!" ಎಂದು ಗುಂಡಮ್ಮ ಮಗಳಿಗೆ ಫೋನ್ ಮಾಡಿದರು. ಗೋದಾವರಿ ಮುಂದಿನ ರೈಲಿಗೇ ಹೊರಟು ಬಂದಳು.

ಹಿಡಿಯುವ ಕೆಲಸ ಸುಲಭವಾಗಿರಲಿಲ್ಲ. ಸುಂದರಾಬಾಯಿಯ ಹತ್ತಿರ ಬಲೆ ಇರಲಿಲ್ಲ, ಚಹಾ ಸೋಸುವ ಜಾಲರಿ ಇತ್ತು. ಮೀನುಗಳು ಒಂದು ವಾರದಲ್ಲಿ ಆ ಹಸಿರಿನ ಮೂಲೆಮೂಲೆ ಕಲಿತಿದ್ದವು. ಎಲ್ಲರ ತೋಳೂ ಒದ್ದೆಯಾದ ಮೇಲೆ ಮೀನು ತುಂಬಿದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಮುಚ್ಚಿತು, ಮೆರವಣಿಗೆ ಮೇಲೆ ಬಂತು. ಸ್ನೇಹಲತಾಳ ತೊಟ್ಟಿಯಲ್ಲಿ ಡಬ್ಬಿ ತೇಲಿತು, ನೀರು ಬೆರೆಯಿತು, ಮೀನುಗಳು ಗಿಡದ ನಡುವೆ ಮಾಯವಾದವು. ಗುಂಡಮ್ಮ ಕುರ್ಚಿ ಎಳೆದು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕೂತರು. ಬಹಳ ಹೊತ್ತಿನ ಮೇಲೆ ಮೊದಲ ಕೆಂಪು ಗೆರೆ ಹೊರಗೆ ಬಂತು. ಹಿಂದೆಯೇ ಉಳಿದವು.

"ಒಂದು, ಎರಡು... ತಡಿ, ತಡಿ," ಎಂದು ಗೋದಾವರಿ ಬೆರಳಿಟ್ಟು ಎಣಿಸಿದಳು. "ನಾ ತಂದಿದ್ದು ಆರು. ಇಲ್ಲಿ ಏಳು ಅದಾವ!"

ಏಳನೆಯದು ಕೆಂಪು-ನೀಲಿಯದಲ್ಲ. ಬೂದು ಬಣ್ಣದ, ತುಸು ದಪ್ಪನೆಯ ಒಂದು ಗಪ್ಪಿ. ಗದ್ದಲದಲ್ಲಿ ಜಾಲರಿಗೆ ಸಿಕ್ಕಿಕೊಂಡು ಬಂದಿತ್ತು.

"ಮರಳಿ ಕೊಟ್ಟು ಬರ್ತೀನ್ರಿ," ಎಂದು ಸ್ನೇಹಲತಾ ಜಾಲರಿಗೆ ಕೈ ಚಾಚಿದಳು.

ಗುಂಡಮ್ಮ ಅವಳ ಮುಂಗೈ ಹಿಡಿದರು. ಮೂರು ಹೆತ್ತ ಹೆಂಗಸು. ಕಣ್ಣು ಆ ಬೂದು ಮೀನಿನ ಹೊಟ್ಟೆಯ ಮೇಲೆ ನೆಟ್ಟಿತ್ತು. "ಮುಟ್ಟಬ್ಯಾಡ ಅಕೀನ್ನ. ದಿನಾ ತುಂಬ್ಯಾವ, ಕಾಣಸೂದಿಲ್ಲೇನು?"

ಸ್ನೇಹಲತಾ ಬಗ್ಗಿ ನೋಡಿದಳು. ಹೌದು. ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಅದನ್ನೂ ಅವಳು ಓದಿದ್ದಳು. ತನ್ನ ನೀರಿನಲ್ಲಿ ಒಂದು ಹೆರಿಗೆ ಆಗಬಹುದೆಂದು ಮಾತ್ರ ಯೋಚಿಸಿರಲಿಲ್ಲ.

"ಬಸುರಿಗಿ ಕುಬಸ ಮಾಡೂಣೇನು?" ಎಂದು ಗೋದಾವರಿ ಕಿಲಕಿಲನೆ ನಕ್ಕಳು.

ಗುಂಡಮ್ಮ ನಗಲಿಲ್ಲ. "ಏ ಕಿರಣ್ಯಾ, ಆ ಟಿವಿ ಸಣ್ಣ ಮಾಡು. ಅಕಿ ದಣದಾಳ." ಆಮೇಲೆ ಸೊಸೆಯ ಕಡೆ ತಿರುಗಿ, ವೈದ್ಯರ ಮುಂದೆ ಕೂತವರ ದನಿಯಲ್ಲಿ ಕೇಳಿದರು, "ಇಂಥಾ ಹೊತ್ತಿನ್ಯಾಗ ಅಕಿಗಿ ಏನ ತಿನಸಬೇಕವ್ವಾ?"

"ಅದನ್ನ ಇನ್ನೂ ಓದಿಲ್ರಿ."

"ಹಂಗಾರ ಮೊದಲ ಓದು. ಇವತ್ತ ರೊಟ್ಟಿ ನಾ ಬಡೀತೀನಿ."