ಕಾಗದದಲ್ಲಿ ಐವತ್ತೆಂಟು

ನಿವೃತ್ತಿಯ ವಯಸ್ಸನ್ನು ಅರವತ್ತರಿಂದ ಅರವತ್ತೆರಡಕ್ಕೆ ಏರಿಸುವ ಮಾತು ಎದ್ದಾಗಿನಿಂದ ಸರ್ಕಾರಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಯಾರಿಗೂ ನೆಮ್ಮದಿಯ ಊಟವಿರಲಿಲ್ಲ. ಜನ ಈಗ ಹೆಚ್ಚು ಕಾಲ ಬದುಕ್ತಾರೆ, ಎಲ್ಲರಿಗೂ ಪಿಂಚಣಿ ಎಲ್ಲಿಂದ ತರೋದು ಎಂದು ಒಬ್ಬರು. ಬದುಕೋದು ಬೇರೆ, ನಿಲ್ಲೋದು ಬೇರೆ ಎಂದು ಇನ್ನೊಬ್ಬರು. ಹಳಬರು ಜಾಗ ಬಿಡದಿದ್ದರೆ ತಾವು ಕಾಯಂ ಆಗುವುದು ಯಾವ ಕಾಲಕ್ಕೆ ಎಂದು ದಿನಗೂಲಿಯವರ ಗೊಣಗು. ದಿನವಿಡೀ ಇಸ್ತ್ರಿ ಯಂತ್ರದ ಮುಂದೆ ನಿಲ್ಲುವ ಇಸ್ತ್ರಿ ಅಕ್ಕ ಮಾತ್ರ ಮೊಣಕಾಲು ಒತ್ತಿಕೊಳ್ಳುತ್ತ ಊಟ ಮುಗಿಸುತ್ತಿದ್ದಳು. ಮೊನ್ನೆ ಕಾನೂನು ಬಂದೇಬಿಟ್ಟಿತು.

ಅವಳ ಕಷ್ಟ ಉಳಿದವರದಕ್ಕಿಂತ ಒಂದು ಕೈ ಮೇಲು. ಕೆಲಸಕ್ಕೆ ಸೇರುವಾಗ ಅವಳಿಗೆ ಮೂವತ್ತಮೂರು. ಮೂವತ್ತು ದಾಟಿದವರನ್ನು ತೆಗೆದುಕೊಳ್ಳುತ್ತಿರಲಿಲ್ಲ. ದಾಖಲೆ ಕೇಳುವವರಿಲ್ಲದ ಕಾಲ. ಅರ್ಜಿ ತುಂಬಿದ ತಮ್ಮ ಧಾರಾಳವಾಗಿ ನಾಲ್ಕು ವರ್ಷ ಕಡಿಮೆ ಬರೆದಿದ್ದ. ಹೀಗಾಗಿ ಅವಳಿಗೆ ನಿಜದಲ್ಲಿ ಅರವತ್ತೆರಡು, ಕಾಗದದಲ್ಲಿ ಐವತ್ತೆಂಟು. ಎರಡು ವರ್ಷ ಚಿಕ್ಕವನಾದ ತಮ್ಮ ಬಸ್ಸು ಓಡಿಸಿ, ಹಳೆಯ ನಿಯಮದಲ್ಲೇ ನಿವೃತ್ತನಾಗಿ ಮನೆಯಲ್ಲಿ ಕೂತಿದ್ದ.

"ಇನ್ಮೇಲೆ ನಿನ್ನ ಅಣ್ಣಾ ಅಂತ ಕರೀಬೇಕೇನೋ," ಎಂದು ಅವಳು ಛೇಡಿಸಿದರೆ ಅವನಿಗೆ ನಗು ಬರಲಿಲ್ಲ. ಮಾರನೆಯ ಬೆಳಿಗ್ಗೆ ಅವಳ ಜೊತೆಗೇ ಆಸ್ಪತ್ರೆಯ ಕಚೇರಿಗೆ ಹೊರಟ.

"ನಾನೇ ಬರ್ದಿದ್ದು ಅಂತ ಒಪ್ಕೋತೀನಿ ಕಣಕ್ಕ," ಎಂದ ಬಾಗಿಲ ಬಳಿ. "ಇನ್ನೂ ನಾಲ್ಕು ವರ್ಷ ಆ ಮಿಷನ್ ಮುಂದೆ ನಿಂತಿರ್ತೀಯಾ?"

"ಒಪ್ಕೊಂಡ್ರೆ, ಸುಳ್ಳು ಹೇಳಿ ಸೇರಿದ್ಲು ಅಂತ ಬರೋ ಪಿಂಚಣೀನೂ ಕಿತ್ಕೋತಾರೆ. ನಿನ್ನ ಉಪಕಾರ ಒಂದ್ಸಲ ಸಾಕು, ಇಲ್ಲೇ ಕೂತಿರು."

ಒಳಗೆ ಹೋಗಿ ಅವಳು ಬೇರೆಯದನ್ನೇ ಕೇಳಿದಳು: ತನ್ನನ್ನು ಇಸ್ತ್ರಿ ಯಂತ್ರದಿಂದ ಬಿಡಿಸಿ ದಿಂಬಿನ ಚೀಲ ಮಡಚುವ ಮೇಜಿಗೆ ಹಾಕಬೇಕು, ಅಲ್ಲಿ ಕೂತು ಕೆಲಸ ಮಾಡಬಹುದು. ಕಚೇರಿಯ ಗುಮಾಸ್ತೆ ಒಳ್ಳೆಯ ಹೆಂಗಸು. ಕಡತ ತೆಗೆದು, ಸಾಲಿನ ಮೇಲೆ ಬೆರಳಿಟ್ಟು ಓದಿ, ನಿಟ್ಟುಸಿರುಬಿಟ್ಟಳು.

"ಕೂರೋ ಕೆಲಸ ಅರವತ್ತು ದಾಟಿದೋರಿಗೆ ಮಾತ್ರ ಅಂತ ಹೊಸ ಕಾನೂನಲ್ಲೇ ಇದೆ ಅಕ್ಕ. ನಿಮಗಿನ್ನೂ ಎರಡು ವರ್ಷ ಇದೆ. ನೋಡೋಕೆ ಮಾತ್ರ ಜಾಸ್ತಿ ವಯಸ್ಸಾದ ಹಾಗೆ ಕಾಣ್ತೀರ."

"ದುಡಿದ ಮೈ," ಎಂದಳು ಇಸ್ತ್ರಿ ಅಕ್ಕ.

ಹೊರಗೆ ತಮ್ಮ ಬೆಂಚಿನಿಂದ ಎದ್ದು ನಿಂತಿದ್ದ. ಆಗಲಿಲ್ಲವೆಂದು ಆ ಮುಖಕ್ಕೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಕೂರುವ ಕೆಲಸ ಕೊಡುತ್ತಾರಂತೆ ಎಂದಳು. ಯಾವಾಗ ಎಂದು ಹೇಳಲಿಲ್ಲ. ಅವನು ಗೆಲುವಾಗಿ ಮನೆಗೆ ಹೋದ. ಒದ್ದೆ ಹಾಸುಗಳ ಗಾಡಿ ಆಗಲೇ ಬಂದು ನಿಂತಿತ್ತು. ಅವಳು ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಯಂತ್ರದ ಗುಂಡಿ ಒತ್ತಿದಳು.