ಬಳಚು ಹೆಕ್ಕಿದವಳ ತಪ್ಪಲ್ಲ

ಬೆಳಂಬಾರದ ಸೋಮಿಯ ಮನೆಯಲ್ಲಿ ಬಳಚು ಎಂಬ ಚಿಪ್ಪುಮೀನಿನ ಸಾರು ನಿಂತು ತಿಂಗಳಾಗಿತ್ತು. ಆ ಚಿಪ್ಪು ಕಂಡರೆ ಸಾಕು, ಸೊಸೆ ಸುಮಿತಾಳ ತಲೆ ತಗ್ಗುತ್ತಿತ್ತು.

ಬಸುರಿಯಾಗಿದ್ದೂ ಅವಳು ಅತ್ತೆಯ ಮಾತು ಮೀರಿ ಅಳಿವೆಗಿಳಿದು, ಸೊಂಟಮಟ್ಟ ನೀರಲ್ಲಿ ಬಳಚು ಹೆಕ್ಕಿದ್ದಳು. ಆಮೇಲೆ ಅಂಕೋಲೆಯ ಸ್ಕ್ಯಾನಿನಲ್ಲಿ ಮಗುವಿನ ಶ್ವಾಸಕೋಶದಲ್ಲಿ ನೀರುಗುಳ್ಳೆ ಕಂಡಿತು. ಕಾರವಾರದ ದೊಡ್ಡಾಸ್ಪತ್ರೆಯಲ್ಲಿ ತೋರಿಸಿ ಎಂದರು ಡಾಕ್ಟರು. ಹೊಳೆಯ ನೀರೇ ಮಗುವಿನ ಎದೆ ಹೊಕ್ಕಿತೆಂದು ಸುಮಿತಾ ನಂಬಿದಳು. ಮನೆಯಲ್ಲಿ "ಎಲ್ಲ ಸರಿ ಉಂಟಂತೆ" ಎಂದು ಸುಮ್ಮನಾದಳು.

ಸ್ಕ್ಯಾನಿಗೆ ಜೊತೆಯಾಗಿದ್ದ ಬೊಬ್ರುವಾಡದ ಗೆಳತಿ, ನರ್ಸ್ ಕವಿತಾ ಒಂದು ಮಧ್ಯಾಹ್ನ ಹಿತ್ತಲಿಗೇ ಬಂದಳು.

"ಕಾರವಾರಕ್ಕೆ ಹೋದ್ಯಾ?"

ಸುಮಿತಾ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು. "ಎಂತ ಮುಖ ಇಟ್ಕಂಡು ಹೋಗ್ಲೇ? ಹೊಳೆಗಿಳಿದವಳು ನಾನೇ ಅಲ್ದಾ?"

"ಹೊಳೆ ನೀರಿಗೆ ಕೂಸಿನ ಎದೆಗೆ ಹೋಗೋಕೆ ದಾರಿ ಎಲ್ಲುಂಟೇ? ಶ್ವಾಸಕೋಶ ಮೊದಲು ಒಂದು ಸಣ್ಣ ಮೊಗ್ಗು. ಆಮೇಲೆ ಕೊಂಬೆ ಒಡೀತಾ ಹೋಗ್ತದೆ. ಎಲ್ಲಿ ಒಡೀಬೇಕು, ಎಲ್ಲಿ ನಿಲ್ಬೇಕು ಅಂತ ಹೇಳೋದು ಮಗುವಿನ ಜೀನ್‌ಗಳು. ಒಂದು ಕಡೆ ಆ ಸೂಚನೆ ತಪ್ಪಿದ್ರೆ ಅಲ್ಲಿ ಗುಳ್ಳೆ ಆಗ್ತದೆ. ಯಾಕೆ ತಪ್ತದೆ ಅಂತ ಡಾಕ್ಟರಿಗೂ ಪೂರಾ ಗೊತ್ತಿಲ್ಲ. ಬಳಚು ಹೆಕ್ಕಿದ್ದಕ್ಕಂತೂ ಅಲ್ಲ."

ಬಾಗಿಲ ಹಿಂದಿನಿಂದ ಸೋಮಿಯ ದನಿ ಬಂತು. "ಜೀನು ಅಂದ್ರೆ ರಕ್ತದಲ್ಲಿ ಬಂದದ್ದಲ್ದಾ? ಅವಳ ತೌರಿನದೇ ಇರ್ಬೇಕು."

"ಹಾಗಾದ್ರೆ ಅರ್ಧ ನಿಮ್ಮ ಮಗನದೂ ಹೌದು, ಸೋಮಕ್ಕ! ಹೆಚ್ಚಿನ ಮಕ್ಕಳಿಗೆ ಇದು ವಂಶದಿಂದ ಬಂದದ್ದಲ್ಲ, ಬೆಳೆಯುವಾಗ ಆದದ್ದು."

ಸೋಮಿ ನಗಲಿಲ್ಲ. "ಕೂಸು ಉಳೀತದಾ?"

"ಹೆಚ್ಚಿನವು ಚೆನ್ನಾಗೇ ಹುಟ್ತವೆ. ಕೆಲವಕ್ಕೆ ಉಸಿರು ಕಟ್ತದೆ, ಆಪರೇಶನ್ ಬೇಕಾಗ್ತದೆ. ಅದಕ್ಕೇ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ನೋಡ್ಬೇಕು. ಹೆರಿಗೆ ಎಳೆಕೂಸಿನ ಡಾಕ್ಟರಿರೋ ಆಸ್ಪತ್ರೆಲೇ ಆಗ್ಬೇಕು. ಮನೇಲಿ ಮುಚ್ಚಿಟ್ಟು ಕೂತ್ರೆ ಆಗ ಎಲ್ಲಿಗೆ ಓಡ್ತೀರಿ?"

ಇಷ್ಟು ದಿನ ಸುಮಿತಾ ಹೊಳೆಗಿಳಿದದ್ದಕ್ಕೆ ನಾಚಿದ್ದಳು. ಈಗ ಮುಚ್ಚಿಟ್ಟದ್ದಕ್ಕೆ ನಾಚಿಕೆಯಾಯಿತು. "ಅತ್ತೆ, ನಾನು ಸುಳ್ಳು ಹೇಳಿದೆ."

ಸೋಮಿ ಬಾಗಿಲು ದಾಟಿ ಬಂದು ಸೊಸೆಯ ಕೈಯ ಬಟ್ಟೆ ತೆಗೆದುಕೊಂಡಳು. "ನೀನು ನನ್ನ ಬಾಯಿಗೆ ಹೆದರಿ ಹೇಳ್ದೆ. ಹೊಳೆಗಿಳಿದಳು ಅಂತ ಕೇರಿಯೆಲ್ಲ ಹೇಳ್ಕಂಡು ಬಂದವಳು ನಾನೇ ಅಲ್ದಾ?"

ಮರುದಿನ ಬೈತಖೋಲ ಬಂದರಿನಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗಿದ್ದ ಮಗನಿಗೆ ಕಾರವಾರದ ಬಸ್‌ಸ್ಟ್ಯಾಂಡಿಗೆ ಬರಹೇಳಿ ಅತ್ತೆ ಸೊಸೆ ಹೊರಟರು. ದಾರಿಯಲ್ಲಿ ನೆರೆಯ ಹೊನ್ನು ಕೇಳಿದಳು, "ಎತ್ಲಾಗೆ ಸವಾರಿ?"

ಸುಮಿತಾಳ ತಲೆ ತಗ್ಗಿತು. ಸೋಮಿ ಕೇರಿಗೆಲ್ಲ ಕೇಳುವಂತೆ ಹೇಳಿದಳು: "ಕೂಸಿನ ಶ್ವಾಸಕೋಶದಲ್ಲಿ ಗುಳ್ಳೆ ಉಂಟು, ತೋರಿಸೋಕೆ. ನನ್ನ ಸೊಸೆದು ಏನೂ ತಪ್ಪಿಲ್ಲ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೊಟ್ಟೆಯಲ್ಲಿರುವ ಕೂಸಿಗೆ ತೊಂದರೆ ಕಂಡರೆ ತಾಯಿಯನ್ನು "ಏನು ಮಾಡಿದೆ?" ಎಂದು ಕೇಳಬೇಡಿ. "ಆಸ್ಪತ್ರೆಗೆ ಯಾವಾಗ ಹೊರಡೋಣ?" ಎಂದು ಕೇಳಿ.