ಹಳೆಯ ತಾರೀಖಿನ ಗುಡ್ಡ

೧
ಎಲ್ಲಿಂದ ಶುರು ಮಾಡಲಿ ಹೇಳಿ? ವಿಮಾನದಿಂದ ಶುರು ಮಾಡಿದರೆ ನೀವು ಮೇಲೆ ನೋಡುತ್ತೀರಿ. ತಪ್ಪು ನಡೆದದ್ದು ಕೆಳಗೆ, ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ. (ಮೊದಲ ಡ್ರಾಫ್ಟಿನಲ್ಲಿ ಸೂರ್ಯೋದಯವಿತ್ತು. ಹರಿದು ಹಾಕಿದೆ. ಸೂರ್ಯನಿಗೂ ಇದಕ್ಕೂ ಏನು ಸಂಬಂಧ?)

೨
ಸರಕು ವಿಮಾನ. ಹಾರಿಸುವವಳು ಅಕ್ಕ, ರಿಪೇರಿ ಮಾಡುವವನು ತಮ್ಮ. ಇಪ್ಪತ್ತೆಂಟು ದಿನಕ್ಕೊಮ್ಮೆ ಅದರ ಕಂಪ್ಯೂಟರಿಗೆ ದಾರಿಗಳ ಹೊಸ ಮಾಹಿತಿ ತುಂಬಬೇಕು. ಹಳೆಯದೂ ಒಳಗೇ ಇರುತ್ತದೆ. ಹೊಸದು ಜಾರಿಯಾಗುವ ದಿನ ಪೈಲಟ್ ಬಟನ್ ಒತ್ತಿ ಬದಲಾಯಿಸಬೇಕು, ಪರದೆಯಲ್ಲಿ ಹೊಸ ತಾರೀಖು ನೋಡಿ ಕೂಗಿ ಹೇಳಬೇಕು, ಮೆಕ್ಯಾನಿಕ್ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ಇವತ್ತು ಆ ದಿನ. ಬೆಳಿಗ್ಗೆ ಅಕ್ಕ ವಿಮಾನದ ಮೆಟ್ಟಿಲ ಮೇಲೆ ನಿಂತು ಕೇಳಿದಳು: "ಎಲ್ಲಾ ಆಯ್ತೇನೋ?"

"ಆಯ್ತಕ್ಕಾ."

ಬೇರೆ ಯಾರು ಹೇಳಿದ್ದರೂ ಅವಳು ತಾರೀಖು ನೋಡದೆ ಬಿಡುತ್ತಿರಲಿಲ್ಲ. ತಮ್ಮನಲ್ಲವೇ, ಬದಲಾಯಿಸಿಯೇ ಇರುತ್ತಾನೆ ಎಂದು ನೋಡಲಿಲ್ಲ. ಇವನೂ ತಾರೀಖು ಕೇಳಲಿಲ್ಲ. ಅಕ್ಕನಿಗೆ ಹೇಳಿಕೊಡುವುದೇ?

೩
ಹಳೆಯ ಮಾಹಿತಿಯಲ್ಲಿ ಅವಳು ಇಳಿಯಬೇಕಾದ ಊರಿನ ಗುಡ್ಡ ಬೋಳು. ಹೊಸದರಲ್ಲಿ ಅದರ ನೆತ್ತಿಯ ಮೇಲೆ ಟವರ್ ಎದ್ದಿದೆ, ಇಳಿಯುವ ದಾರಿಯನ್ನು ಪಕ್ಕಕ್ಕೆ ಸರಿಸಿದ್ದಾರೆ. ಇವತ್ತು ಅಲ್ಲಿ ದಟ್ಟ ಮೋಡ.

ಮಧ್ಯಾಹ್ನ ಪಕ್ಕದ ವಿಮಾನದ ಪೈಲಟ್ ತಾರೀಖು ಕೂಗಿದ. ಬರೆದುಕೊಳ್ಳಲು ಪುಸ್ತಕ ತೆರೆದ ತಮ್ಮನಿಗೆ ಅಕ್ಕನ ಸಾಲು ಖಾಲಿ ಕಂಡಿತು. ಓಡಿ ಹೋಗಿ ರೇಡಿಯೋದಲ್ಲಿ ಕರೆಸಿದ. ಗುಡ್ಡಗಳ ನಡುವೆ ಹೊಕ್ಕಿದ್ದಳು, ಉತ್ತರ ಬರಲಿಲ್ಲ.

೩ (ಮತ್ತೆ. ನಾಲ್ಕಕ್ಕೆ ಹೋಗಲು ಧೈರ್ಯವಿಲ್ಲ.)
ತಮ್ಮ ಈಗ ನನ್ನ ಮೇಜಿನ ಮುಂದೆ ನಿಂತಿದ್ದಾನೆ. ಟವರ್ ಅಳಿಸಿಬಿಡಿ ಅನ್ನುತ್ತಾನೆ. ಕಟ್ಟಿದ್ದು ನಾನಲ್ಲಪ್ಪಾ ಎಂದೆ. (ಸುಳ್ಳು. ಇನ್ಯಾರು ಕಟ್ಟುತ್ತಾರೆ?)

ಸಮಾಧಾನಕ್ಕೆಂದು ಒಂದು ಅಂತ್ಯ ಓದಿದೆ: ಮೋಡ ಸರಿಯಿತು, ಅಕ್ಕ ಟವರ್ ಕಂಡು ತಿರುಗಿಸಿದಳು, ಇಳಿದು ಬಂದು ತಮ್ಮನನ್ನು ತಬ್ಬಿಕೊಂಡಳು.

"ಅವಳು ತಬ್ಕೊಳ್ಳಲ್ಲ ಸಾರ್, ಬೈತಾಳೆ. ಬೈಯೋದನ್ನ ಬರೀರಿ, ಆಗ ನಂಬ್ತೀನಿ."

ಬರೆಯಲು ಕೂತೆ. ಅವಳು ಹೇಗೆ ಬೈಯುತ್ತಾಳೋ ನನಗೇನು ಗೊತ್ತು? ಅವನನ್ನೇ ಕೇಳಿದೆ. ಅವನು ಪುಸ್ತಕ ತೆರೆದು ಆ ಖಾಲಿ ಸಾಲು ತೋರಿಸಿದ.

ಇನ್ನೊಂದು ಅಂತ್ಯವನ್ನು ನೀವು ಆಗಲೇ ಊಹಿಸಿದ್ದೀರಿ. ಅದೂ ಬರೆದಾಗಿದೆ, ಡ್ರಾಯರಿನಲ್ಲಿದೆ. ಅವನಿಗೆ ತೋರಿಸುವಷ್ಟು ಕಲ್ಲುಮನಸ್ಸು ನನಗಿಲ್ಲ.

(ಅಂಕಿ ಬೇಡ)
ಖಾಲಿ ಸಾಲಿನ ಮೇಲೆ ಪೆನ್ನು ಹಿಡಿದು ತಮ್ಮ ಕೂತಿದ್ದಾನೆ, ಅಕ್ಕ ಈಗ ತಾರೀಖು ಕೂಗುತ್ತಾಳೆ ಎಂಬಂತೆ. ತಲೆಯೆತ್ತದೆ ಕೇಳಿದ:

"ನೀವೂ ಏನೂ ಬರೀತಿಲ್ಲ ತಾನೆ ಸಾರ್?"

ಇಲ್ಲಪ್ಪಾ ಎಂದೆ.

"ಹಾಗೇ ಇರಿ. ಅಕ್ಕ ಇನ್ನೂ ಮೇಲಿದ್ದಾಳೆ."